ನೇಮಕಾತಿ: ಕೊಟ್ಟ ಮಾತಿನ ಹೊಣೆ

ಕೊಟ್ಟಿಗೆಹಾರದ ವಾಣಿಜ್ಯ ಪದವೀಧರನೊಬ್ಬ ಸಮೀಪದ ಬಣಕಲ್‌ನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆಂದು ಭಾವಿಸೋಣ. ಚಿಕ್ಕಮಗಳೂರಿನ ಕಾಫಿ ವ್ಯಾಪಾರ ಸಂಸ್ಥೆಯೊಂದು ಅವನನ್ನು ಸಂದರ್ಶನಕ್ಕೆ ಕರೆಯುತ್ತದೆ. ಮೊದಲ ಸಲ ಹೋದಾಗ ಮಾಲೀಕರು ಊರಿನಲ್ಲಿರುವುದಿಲ್ಲ. ಎರಡನೆಯ ಸಲ ಟ್ಯಾಲಿ ಪರೀಕ್ಷೆ ನಡೆಯುತ್ತದೆ. ಮೂರನೆಯ ಸಲ, ಒಂದನೇ ತಾರೀಕಿನಿಂದ ಕೆಲಸಕ್ಕೆ ಬರಬಹುದೆಂಬ ಭರವಸೆ ದೊರೆಯುತ್ತದೆ. ಪ್ರತಿ ಸಲವೂ ಬಸ್ ಛಾರ್ಜು ಹಾಗೂ ಒಂದು ದಿನದ ಸಂಬಳ ಅವನಿಗೆ ನಷ್ಟ. ಆ ಮಾತನ್ನು ನಂಬಿ ಇದ್ದ ಕೆಲಸವನ್ನು ಬಿಟ್ಟ ಮೇಲೆ, ಹುದ್ದೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ ಎಂಬ ಉತ್ತರ ಬರುತ್ತದೆ. ಅದೂ ಅವನೇ ದೂರವಾಣಿ ಮಾಡಿ ವಿಚಾರಿಸಿದಾಗ.

ಇದರಲ್ಲಿ ಮಾಲೀಕರ ದುರುದ್ದೇಶವಿಲ್ಲದಿರಬಹುದು. ಕೊಯ್ಲಿನ ಕಾಲದಲ್ಲಿ ಜನ ಬೇಕೆನಿಸುತ್ತದೆ. ಧಾರಣೆ ಇಳಿದೊಡನೆ ಖರ್ಚು ತಗ್ಗಿಸುವ ಯೋಚನೆ ಮೂಡುತ್ತದೆ. ಆದರೆ ಕಾನೂನು ಈ ವಿಷಯವನ್ನು ಬೇರೆ ರೀತಿಯಲ್ಲಿ ನೋಡುತ್ತದೆ.

1872ರ ಭಾರತೀಯ ಕರಾರು ಅಧಿನಿಯಮದ 5ನೇ ಕಲಮಿನಂತೆ, ಪ್ರಸ್ತಾವವನ್ನು ಅಭ್ಯರ್ಥಿ ಒಪ್ಪುವ ಮೊದಲು ಹಿಂಪಡೆಯಬಹುದು. ಒಪ್ಪಿದ ನಂತರ ಅದು ಕರಾರಾಗುತ್ತದೆ. ಆಮೇಲೆ ಹಿಂದೆ ಸರಿದರೆ 73ನೇ ಕಲಮಿನಡಿ ನಷ್ಟ ಪರಿಹಾರದ ಪ್ರಶ್ನೆ ಏಳುತ್ತದೆ. ಬಾಯಿಮಾತಿನ ಕರಾರಿಗೂ ಮಾನ್ಯತೆ ಉಂಟು; ಅದನ್ನು ರುಜುವಾತುಪಡಿಸುವುದು ಮಾತ್ರ ಕಷ್ಟ. ಇಂದು ಮೊಬೈಲಿನಲ್ಲಿ ಕಳುಹಿಸಿದ ಸಂದೇಶವೂ ಸಾಕ್ಷ್ಯವಾಗಬಲ್ಲದೆಂಬುದನ್ನು ಮರೆಯಬಾರದು.

ದೊಡ್ಡ ಸಂಸ್ಥೆಗಳೂ ಈ ತೊಡಕಿನಿಂದ ಹೊರತಾಗಿಲ್ಲ. 2022ನೇ ಸಾಲಿನ ಸುಮಾರು 2,000 ಇಂಜಿನಿಯರಿಂಗ್ ಪದವೀಧರರಿಗೆ ಆಫರ್ ಲೆಟರ್ ನೀಡಿದ್ದರೂ ಇನ್ಫೋಸಿಸ್ ಕೆಲಸಕ್ಕೆ ಸೇರಿಸಿಕೊಂಡಿಲ್ಲವೆಂದು ನೌಕರರ ಸಂಘಟನೆಯೊಂದು ದೂರು ನೀಡಿತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯವು ಕ್ರಮ ಕೈಗೊಳ್ಳುವಂತೆ ಕರ್ನಾಟಕದ ಕಾರ್ಮಿಕ ಇಲಾಖೆಗೆ ಪತ್ರ ಬರೆಯಿತು. ನೀಡಿದ ಆಫರ್‌ಗಳನ್ನೆಲ್ಲ ಗೌರವಿಸುವುದಾಗಿ ಕಂಪನಿಯ ಮುಖ್ಯಸ್ಥರು ಹೇಳಬೇಕಾಯಿತು.

ಕೆಲಸಕ್ಕೆ ಸೇರಿಸಿಕೊಂಡ ಬಳಿಕವೂ ಕಾಗದಪತ್ರ ಅಗತ್ಯ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ 6-ಎ ಕಲಮಿನಂತೆ ನೇಮಕವಾದ 30 ದಿನಗಳೊಳಗೆ ನೇಮಕಾತಿ ಆದೇಶವನ್ನು ನೀಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ನೇಮಕಾತಿ ಪತ್ರ ಕಡ್ಡಾಯವಾಗಿದೆ.

ಸಣ್ಣ ಸಂಸ್ಥೆಗಳು ಅನುಸರಿಸಬಹುದಾದ ಕ್ರಮ ಸರಳವಾಗಿದೆ:

1. ಪ್ರಕಟಣೆಗೆ ಮುಂಚೆಯೇ ಹುದ್ದೆ, ಕೆಲಸದ ಸ್ವರೂಪ ಮತ್ತು ವೇತನದ ಮಿತಿಯನ್ನು ನಿರ್ಧರಿಸಬೇಕು.
2. ಪರೀಕ್ಷೆ ಹಾಗೂ ಸಂದರ್ಶನಗಳನ್ನು ಸಾಧ್ಯವಾದಷ್ಟು ಒಂದೇ ದಿನ ಮುಗಿಸಬೇಕು. ಮಳೆಗಾಲದಲ್ಲಿ ಘಟ್ಟದ ಕಡೆಯಿಂದ ಬರುವವರಿಗೆ ಇದು ದೊಡ್ಡ ಉಪಕಾರ.
3. ಆಫರ್ ಲೆಟರಿನಲ್ಲಿ ವೇತನ, ಸೇರುವ ದಿನಾಂಕ, ಒಪ್ಪಿಗೆ ತಿಳಿಸಲು ಕಡೆಯ ದಿನ ಮತ್ತು ಷರತ್ತುಗಳನ್ನು ನಮೂದಿಸಬೇಕು.
4. ಈ ಪತ್ರ ಕೈಸೇರುವವರೆಗೆ ಇರುವ ಕೆಲಸವನ್ನು ಬಿಡಬಾರದೆಂದು ಅಭ್ಯರ್ಥಿಗೆ ಸ್ಪಷ್ಟವಾಗಿ ಹೇಳಬೇಕು.
5. ಆಯ್ಕೆಯಾಗದವರಿಗೂ ವಾರದೊಳಗೆ ಉತ್ತರಿಸಬೇಕು.

ಹುದ್ದೆಯನ್ನು ಕೈಬಿಡುವುದು ಅನಿವಾರ್ಯವಾದರೆ ಆ ದಿನವೇ ತಿಳಿಸಿ, ಅಭ್ಯರ್ಥಿಗೆ ಆದ ಖರ್ಚನ್ನು ಭರಿಸುವುದು ನ್ಯಾಯ. ಮೂಡಿಗೆರೆ, ಕಳಸದಂತಹ ಸಣ್ಣ ಪೇಟೆಗಳಲ್ಲಿ ಇಂದಿನ ಅಭ್ಯರ್ಥಿಯೇ ನಾಳೆ ಮತ್ತೊಂದು ಸಂಸ್ಥೆಯಲ್ಲಿ ಸರಕು ಖರೀದಿಸುವವನಾಗಿ ಎದುರಾಗಬಹುದು. ಆಗ ಅವನು ಮೊದಲು ನೆನೆಯುವುದು ಸಂದರ್ಶನದ ದಿನ ತನಗೆ ದೊರೆತ ನಡವಳಿಕೆಯನ್ನೇ.