ಕ್ಯಾಸಿನೊ ಮಾಂಡೋವಿಯಲ್ಲೋ, ಮೋಪಾದಲ್ಲೋ? ಜಾಗದ ಜಗಳದಲ್ಲಿ ಮರೆತುಹೋದ ಪ್ರಶ್ನೆ

ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿ ಗೋವಾಕ್ಕೆ ಇಳಿದ ಮೇಲೆ ಮಾಂಡೋವಿ ಆಗುತ್ತದೆ. ಅದು ಸಮುದ್ರ ಸೇರುವುದಕ್ಕೆ ಸ್ವಲ್ಪ ಮುಂಚೆ, ರಾಜಧಾನಿ ಪಣಜಿಯ ಎದುರಿಗೇ, ಕ್ಯಾಸಿನೊ ಹಡಗುಗಳು ಲಂಗರು ಹಾಕಿ ನಿಂತಿವೆ. ಕತ್ತಲಾದರೆ ಸಾಕು, ಬಣ್ಣದ ದೀಪಗಳಿಂದ ದಡವೆಲ್ಲ ಹಗಲಾಗುತ್ತದೆ. ದಡದ ಜೆಟ್ಟಿಯಿಂದ ಸಣ್ಣ ದೋಣಿಗಳು ರಾತ್ರಿಯಿಡೀ ಜನರನ್ನು ಹಡಗಿಗೆ ಸಾಗಿಸುತ್ತವೆ.

ಈ ಹಡಗುಗಳು ಎಲ್ಲಿರಬೇಕು ಅನ್ನುವ ಚರ್ಚೆ ಪಣಜಿಯಲ್ಲಿ ಎರಡು ದಶಕದಿಂದ ಮುಗಿದಿಲ್ಲ. ನದಿಯಲ್ಲೇ ಇರಲಿ ಅನ್ನುವವರಿದ್ದಾರೆ, ಸಮುದ್ರಕ್ಕೆ ಕಳಿಸಿ ಅನ್ನುವವರಿದ್ದಾರೆ, ಮೋಪಾ ವಿಮಾನ ನಿಲ್ದಾಣದ ಹತ್ತಿರ ಒಂದು ಜಾಗ ಮಾಡಿ ಅಲ್ಲಿಗೆ ಸಾಗಿಸಿ ಅನ್ನುವವರೂ ಇದ್ದಾರೆ. ಇದು ಗೋವಾದವರ ಮನೆ ಜಗಳ, ನಮಗೇನು ಅಂತ ಅನಿಸಬಹುದು. ಆದರೆ ಆ ಹಡಗು ಹತ್ತುವವರಲ್ಲಿ ಕರ್ನಾಟಕದಿಂದ, ಮಹಾರಾಷ್ಟ್ರದಿಂದ ಹೋದವರು ಧಾರಾಳ ಇದ್ದಾರೆ. ಹಾಗಾಗಿ ಈ ಚರ್ಚೆಯನ್ನು ನಮ್ಮ ಯುವಕರು ಸ್ವಲ್ಪ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಹಡಗು ನೀರಿಗೆ ಇಳಿದದ್ದು ಯಾಕೆ?

ಜೂಜು ಮತ್ತು ಬಾಜಿ ನಮ್ಮ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಯಾವ ರಾಜ್ಯ ಬಿಡಬೇಕು, ಯಾವ ರಾಜ್ಯ ತಡೆಯಬೇಕು ಅಂತ ಆಯಾ ರಾಜ್ಯವೇ ತೀರ್ಮಾನಿಸುತ್ತದೆ. ಕರ್ನಾಟಕದಲ್ಲಿ ಕ್ಯಾಸಿನೊಗೆ ಅವಕಾಶ ಇಲ್ಲ. ಮಹಾರಾಷ್ಟ್ರ 1976ರಲ್ಲೇ ಕ್ಯಾಸಿನೊ ಕಾಯ್ದೆ ಮಾಡಿಟ್ಟುಕೊಂಡಿತ್ತು, ಆದರೆ ಒಂದು ದಿನವೂ ಜಾರಿಗೆ ತರಲಿಲ್ಲ. ಕೊನೆಗೆ 2023ರಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿತು. ಕ್ಯಾಸಿನೊಗೆ ಬಾಗಿಲು ತೆರೆದ ರಾಜ್ಯಗಳಲ್ಲಿ ಮುಖ್ಯವಾದವು ಗೋವಾ ಮತ್ತು ಸಿಕ್ಕಿಂ.

ಗೋವಾದಲ್ಲೂ 1976ರ ಜೂಜು ನಿಷೇಧ ಕಾಯ್ದೆ ಇದೆ. ಅದಕ್ಕೆ ಎರಡು ತಿದ್ದುಪಡಿ ಬಂತು. 1992ರ ತಿದ್ದುಪಡಿ ಪಂಚತಾರಾ ಹೋಟೆಲ್‌ಗಳಲ್ಲಿ ಸ್ಲಾಟ್ ಮೆಷಿನ್‌ನಂತಹ ಯಂತ್ರದ ಆಟಗಳಿಗೆ ಅನುಮತಿ ಕೊಟ್ಟಿತು. 1996ರ ತಿದ್ದುಪಡಿ, ಮೇಜಿನ ಮೇಲೆ ಎಲೆ ಹಂಚಿ, ಚಕ್ರ ತಿರುಗಿಸಿ ಆಡುವ ಆಟಗಳಿಗೆ ತೀರದಾಚೆಯ ಹಡಗಿನಲ್ಲಿ ಅವಕಾಶ ಕೊಟ್ಟಿತು. ಅಂದರೆ ನೆಲದ ಮೇಲೆ ಯಂತ್ರ, ನೀರಿನ ಮೇಲೆ ಮೇಜು. ದೊಡ್ಡ ದುಡ್ಡು ಓಡಾಡುವುದು ಮೇಜಿನ ಮೇಲೆ. ಹಾಗಾಗಿ ವ್ಯಾಪಾರ ನೀರಿಗೆ ಇಳಿಯಿತು. 2001ರಲ್ಲಿ ‘ಕ್ಯಾರವೆಲಾ’ ಹೆಸರಿನ ಮೊದಲ ಹಡಗು ಬಂತು, ಆಮೇಲೆ ಅದರ ಹಿಂದೆ ಸಾಲು ಬೆಳೆಯಿತು.

‘ತೀರದಾಚೆ’ ಅಂದರೆ ಸಮುದ್ರದ ಮಧ್ಯೆ ಅಂತ ಸಾಮಾನ್ಯ ಜನ ತಿಳಿಯುತ್ತಾರೆ. ಆದರೆ ಹಡಗುಗಳು ನಿಂತದ್ದು ನದಿಯೊಳಗೆ, ಪಣಜಿಯ ಮುಖ್ಯ ರಸ್ತೆಯ ಎದುರಿಗೆ. ಜಗಳ ಶುರುವಾದದ್ದೇ ಇಲ್ಲಿಂದ.

ಪ್ರತಿ ಜಾಗಕ್ಕೂ ಒಂದು ಆಕ್ಷೇಪ

ಪಣಜಿ ಸಣ್ಣ ಊರು. 2011ರ ಜನಗಣತಿ ಪ್ರಕಾರ ನಗರದೊಳಗಿನ ಜನಸಂಖ್ಯೆ ಸುಮಾರು 40 ಸಾವಿರ. ಇಷ್ಟು ಚಿಕ್ಕ ಊರಿನ ನದಿ ದಡದ ರಸ್ತೆಗೆ ಪ್ರತಿ ಸಂಜೆ ಕ್ಯಾಸಿನೊ ಗಿರಾಕಿಗಳ ಕಾರು, ಟ್ಯಾಕ್ಸಿ ಬಂದು ನಿಂತರೆ ಊರಿನವರು ಹೈರಾಣಾಗುವುದು ಸಹಜ. ಪಾರ್ಕಿಂಗ್, ಗದ್ದಲ, ನದಿಗೆ ಸೇರುವ ಕೊಳಕು, ಮೀನುಗಾರರ ದೋಣಿಗೆ ಅಡ್ಡಿ, ಮಕ್ಕಳ ಕಣ್ಣೆದುರೇ ದಿನವೂ ಮಿನುಗುವ ಜೂಜಿನ ಜಾಹೀರಾತು, ಇವು ಅಲ್ಲಿನ ನಿವಾಸಿಗಳ ದೂರುಗಳು. ಇನ್ನೊಂದು ಕಡೆ ಟ್ಯಾಕ್ಸಿ ಓಡಿಸುವವರು, ಸಣ್ಣ ಹೋಟೆಲ್ ನಡೆಸುವವರು, ಹಡಗಿನಲ್ಲಿ ಕೆಲಸ ಮಾಡುವ ಸಾವಿರಾರು ಹುಡುಗ ಹುಡುಗಿಯರು ಇದ್ದಾರೆ. ಅವರ ಮನೆ ನಡೆಯುವುದು ಇದರಿಂದಲೇ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ.

ಹಾಗಾದರೆ ಹಡಗುಗಳನ್ನು ನದಿ ಮುಖದ ಅಗುವಾಡ ಕೊಲ್ಲಿಗೆ ಕಳಿಸಿ ಅಂತ ಒಂದು ಸಲಹೆ ಬಂತು. ಅಲ್ಲಿ ಮಳೆಗಾಲದ ಅಲೆಗಳ ಭಯ. ಈ ಭಯ ಸುಳ್ಳಲ್ಲ ಅಂತ 2017ರ ಜುಲೈಯಲ್ಲಿ ಗೋವಾ ನೋಡಿತು. ಮಾಂಡೋವಿಗೆ ತರುತ್ತಿದ್ದ ‘ಲಕ್ಕಿ ಸೆವೆನ್’ ಹೆಸರಿನ ಕ್ಯಾಸಿನೊ ಹಡಗು ಬಿರುಸಿನ ಅಲೆಗೆ ಸಿಕ್ಕಿ ಮಿರಾಮಾರ್ ಕಡಲ ತೀರದಲ್ಲಿ ಮರಳಿಗೆ ಹೂತು ವಾರಗಟ್ಟಲೆ ಅಲ್ಲೇ ಬಿದ್ದಿತ್ತು.

ಇನ್ನು ಮೋಪಾ. ಉತ್ತರ ಗೋವಾದ ಪೆಡ್ನೆ ತಾಲೂಕಿನ ಈ ಹೊಸ ವಿಮಾನ ನಿಲ್ದಾಣ 2022ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿ 2023ರ ಜನವರಿಯಲ್ಲಿ ಸಂಚಾರ ಶುರು ಮಾಡಿತು. ಅದರ ಸುತ್ತ ಮನರಂಜನಾ ವಲಯ ಮಾಡಿ ಕ್ಯಾಸಿನೊಗಳನ್ನು ಅಲ್ಲಿಗೆ ಸಾಗಿಸುವ ಮಾತು ಸರ್ಕಾರದಿಂದ ಹಲವು ಸಲ ಬಂದಿದೆ. ಅದೇ ತಾಲೂಕಿನ ಧಾರ್ಗಳದಲ್ಲಿ ಕ್ಯಾಸಿನೊ ಕಂಪನಿಯೊಂದು ದೊಡ್ಡ ರೆಸಾರ್ಟ್ ಯೋಜನೆ ಹಾಕಿದಾಗ ಅಲ್ಲಿನ ಜನ ಎದ್ದು ನಿಂತರು. ತಿಳ್ಳಾರಿ ನೀರಾವರಿಯ ನೀರು ಬರುವ ಜಮೀನು ಕೃಷಿಗೆ ಇರಲಿ, ಜೂಜಿಗೆ ಬೇಡ ಅನ್ನುವುದು ಅವರ ವಾದ. ಪಣಜಿಯವರಿಗೆ ಬೇಡವಾದದ್ದು ಪೆಡ್ನೆಯ ರೈತರಿಗೆ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ.

ಇಲ್ಲಿ ಕಾನೂನಿನ ಒಂದು ಗಂಟೂ ಇದೆ. ಮೇಜಿನ ಆಟಕ್ಕೆ ಅನುಮತಿ ಇರುವುದು ಹಡಗಿನಲ್ಲಿ ಮಾತ್ರ. ಮೋಪಾ ಒಣ ನೆಲ. ಅಲ್ಲಿಗೆ ಸಾಗಿಸಬೇಕಾದರೆ ನೆಲದ ಮೇಲೆಯೂ ಅದೇ ಆಟ ಆಡಬಹುದು ಅಂತ ಕಾಯ್ದೆ ತಿದ್ದಬೇಕು. ‘ಸ್ಥಳಾಂತರ’ ಅನ್ನುವ ಪದ ಕೇಳಲು ಜೂಜು ಕಡಿಮೆಯಾದ ಹಾಗೆ ಕಾಣುತ್ತದೆ. ಆದರೆ ಇಂತಹ ತಿದ್ದುಪಡಿ ಬಂದರೆ ಜೂಜಿನ ಬಾಗಿಲು ಇನ್ನಷ್ಟು ಅಗಲವಾಗುತ್ತದೆ.

ಭರವಸೆ ಬಂತು, ಹಡಗು ಹೋಗಲಿಲ್ಲ

ವಿರೋಧ ಪಕ್ಷದಲ್ಲಿದ್ದಾಗ ಮನೋಹರ್ ಪರ್ರಿಕರ್ ಕ್ಯಾಸಿನೊ ವಿರುದ್ಧ ಬೀದಿಗಿಳಿದಿದ್ದರು. 2012ರಲ್ಲಿ ಮುಖ್ಯಮಂತ್ರಿಯಾದರು, ಹಡಗುಗಳು ಅಲ್ಲೇ ಉಳಿದವು. 2019ರ ಪಣಜಿ ಉಪಚುನಾವಣೆಯಲ್ಲಿ ಗೆದ್ದ ಅಭ್ಯರ್ಥಿ, ನೂರು ದಿನದೊಳಗೆ ನದಿಯಿಂದ ಕ್ಯಾಸಿನೊ ತೆಗೆಸುವೆ ಅಂತ ಮಾತು ಕೊಟ್ಟಿದ್ದರು. ನೂರು ದಿನ ಯಾವಾಗಲೋ ಮುಗಿಯಿತು. ಪರ್ಯಾಯ ಜಾಗ ಸಿಗುವ ತನಕ ಅಂತ ಸಂಪುಟ ಮತ್ತೆ ಮತ್ತೆ ಅವಧಿ ವಿಸ್ತರಿಸುತ್ತಾ ಬಂತು.

ಇದರ ಕಾರಣ ತಿಳಿಯಲು ಲೆಕ್ಕದ ಪುಸ್ತಕ ನೋಡಿದರೆ ಸಾಕು. ಒಂದೊಂದು ಹಡಗು ವರ್ಷಕ್ಕೆ ಹತ್ತಾರು ಕೋಟಿ ರೂಪಾಯಿ ಪರವಾನಗಿ ಶುಲ್ಕ ಕಟ್ಟುತ್ತದೆ. ಜೊತೆಗೆ ಜಿಎಸ್‌ಟಿ. 2023ರ ಅಕ್ಟೋಬರ್‌ನಿಂದ, ಗಿರಾಕಿ ದುಡ್ಡು ಕೊಟ್ಟು ಚಿಪ್ ಕೊಳ್ಳುವಾಗಲೇ ಅದರ ಪೂರ್ಣ ಮೌಲ್ಯದ ಮೇಲೆ ಶೇ. 28 ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಯಿತು. ಗಿರಾಕಿ ಗೆದ್ದರೆ ಆ ಹಣದ ಮೇಲೆ ಶೇ. 30 ಆದಾಯ ತೆರಿಗೆ ಬೇರೆ. ಹೀಗೆ ಸರ್ಕಾರವೂ ಈ ಮೇಜಿನಲ್ಲಿ ಕೂತ ಪಾಲುದಾರ. ಅದು ಚೀಟಿ ಎತ್ತುವುದಿಲ್ಲ, ಪಾಲು ಮಾತ್ರ ತಪ್ಪುವುದಿಲ್ಲ.

ಗೆಲ್ಲುವುದು ಯಾರು?

ರೂಲೆಟ್ ಚಕ್ರವನ್ನೇ ತೆಗೆದುಕೊಳ್ಳಿ. 1ರಿಂದ 36ರವರೆಗೆ ಅಂಕಿ, ಜೊತೆಗೆ ಒಂದು ಸೊನ್ನೆ, ಒಟ್ಟು 37 ಮನೆ. ಒಬ್ಬ ಎಲ್ಲ 37 ಮನೆಗೂ 100 ರೂಪಾಯಿಯಂತೆ ಇಟ್ಟ ಅಂತ ಇಟ್ಟುಕೊಳ್ಳಿ. ಹೋದದ್ದು 3,700. ಒಂದು ಮನೆ ಗೆಲ್ಲಲೇಬೇಕು. ಗೆದ್ದ ಮನೆಗೆ 35 ಪಟ್ಟು ಮತ್ತು ಇಟ್ಟ ನೂರು, ಅಂದರೆ 3,600 ವಾಪಸ್ ಬರುತ್ತದೆ. ಯಾವ ಅಂಕಿ ಬಂದರೂ 100 ರೂಪಾಯಿ ಮನೆಯವನಿಗೆ. ಇದು ಅದೃಷ್ಟವಲ್ಲ, ಗಣಿತ. ಎರಡು ಸೊನ್ನೆ ಇರುವ ಚಕ್ರದಲ್ಲಿ ಮನೆಯವನ ಪಾಲು ಇದಕ್ಕೂ ಹೆಚ್ಚು, ನೂರಕ್ಕೆ ಐದು ರೂಪಾಯಿಗಿಂತ ಮೇಲೆ.

ನೂರಕ್ಕೆ ಎರಡೋ ಮೂರೋ ರೂಪಾಯಿ ತಾನೇ ಅನಿಸುತ್ತದೆ. ಆದರೆ ಆಡುವವನು ಒಂದೇ ಸಲ ಆಡಿ ಏಳುವುದಿಲ್ಲ. ಸಾವಿರದಂತೆ ನೂರು ಸಲ ಇಟ್ಟರೆ ಮೇಜಿನ ಮೇಲೆ ಒಂದು ಲಕ್ಷ ಓಡಾಡಿತು, ಸರಾಸರಿ 2,700 ರೂಪಾಯಿ ಹೋಯಿತು. ಕಳೆದದ್ದನ್ನು ತೆಗೆಯಬೇಕು ಅಂತ ದೊಡ್ಡ ಪಣ ಕಟ್ಟಿದಷ್ಟೂ ಓಡಾಟ ಹೆಚ್ಚು, ಹೋಗುವುದೂ ಹೆಚ್ಚು.

ಇದನ್ನು ಅಂಗಡಿಯ ಲೆಕ್ಕಕ್ಕೆ ತಂದು ನೋಡಿ. ಒಬ್ಬ ಬಟ್ಟೆ ವ್ಯಾಪಾರಿಗೆ ಖರ್ಚು ಕಳೆದು ನೂರಕ್ಕೆ ಹತ್ತು ಉಳಿಯುತ್ತದೆ ಅಂತ ಇಟ್ಟುಕೊಂಡರೆ, ಒಂದು ರಾತ್ರಿ ಕಳೆದ 50 ಸಾವಿರವನ್ನು ಮತ್ತೆ ತುಂಬಲು ಅವನು ಐದು ಲಕ್ಷದ ಬಟ್ಟೆ ಮಾರಬೇಕು. ಅಷ್ಟರೊಳಗೆ ಸರಕು ಕೊಟ್ಟವನು ಬಾಕಿ ಕೇಳಿಕೊಂಡು ಬಂದಿರುತ್ತಾನೆ. ಮನೆಯಾಕೆಯ ಚಿನ್ನ ಅಡವಿಗೆ ಹೋಗುವುದು ಇಂತಹ ಹೊತ್ತಿನಲ್ಲೇ.

ಬೇರೆ ದೇಶಗಳು ಏನು ಮಾಡಿದವು?

ಸಿಂಗಾಪುರದಲ್ಲೂ ಇದೇ ಚರ್ಚೆ ಜೋರಾಗಿ ನಡೆದಿತ್ತು. ಮುಸ್ಲಿಮರೂ ಕ್ರೈಸ್ತರೂ ಸೇರಿ ಧಾರ್ಮಿಕ ಸಂಘಟನೆಗಳು ವಿರೋಧಿಸಿದವು. ಕೊನೆಗೆ 2005ರ ಏಪ್ರಿಲ್‌ನಲ್ಲಿ ಸರ್ಕಾರ ಎರಡೇ ಜಾಗ ಗೊತ್ತು ಮಾಡಿತು, ಮರೀನಾ ಬೇ ಮತ್ತು ಸೆಂಟೋಸಾ ದ್ವೀಪ. 2010ರಲ್ಲಿ ಅವು ತೆರೆದವು. ಜಾಗ ಗೊತ್ತು ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಸ್ವಂತ ಪ್ರಜೆಗಳಿಗೆ ದಿನಕ್ಕೆ 100 ಡಾಲರ್ ಪ್ರವೇಶ ಶುಲ್ಕ ಹಾಕಿ, 2019ರಲ್ಲಿ ಅದನ್ನು 150ಕ್ಕೆ ಏರಿಸಿತು. ಜೂಜಿಗೆ ಬಿದ್ದವನ ಹೆಂಡತಿಯೋ ಮಕ್ಕಳೋ ಅರ್ಜಿ ಕೊಟ್ಟು, ಅವನನ್ನು ಒಳಗೆ ಬಿಡದ ಹಾಗೆ ಆದೇಶ ತರುವ ವ್ಯವಸ್ಥೆಯನ್ನೂ ಮಾಡಿತು.

ಮಲೇಷ್ಯಾ ಕ್ಯಾಸಿನೊವನ್ನು ರಾಜಧಾನಿಯಿಂದ ದೂರ, ಗೆಂಟಿಂಗ್ ಬೆಟ್ಟದ ಮೇಲೆ ಇಟ್ಟಿತು. ಅಲ್ಲಿ ಮುಸ್ಲಿಮರಿಗೆ ಪ್ರವೇಶವೇ ಇಲ್ಲ. ನಮ್ಮವರು ದುಡಿಯುವ ಯುಎಇಯಲ್ಲೂ 2024ರಲ್ಲಿ ರಾಸ್ ಅಲ್ ಖೈಮಾದ ರೆಸಾರ್ಟ್ ಒಂದಕ್ಕೆ ಪರವಾನಗಿ ಸಿಕ್ಕಿದೆ. ಹಾಗಾಗಿ ಗಲ್ಫ್‌ಗೆ ಹೊರಡುವ ಯುವಕರಿಗೂ ಈ ವಿಷಯ ದೂರದ್ದಲ್ಲ.

ಗೋವಾ ಏನು ಮಾಡಿತು? 2020ರ ಫೆಬ್ರವರಿ 1ರಿಂದ ಸ್ಥಳೀಯರು ಕ್ಯಾಸಿನೊದಲ್ಲಿ ಆಡುವ ಹಾಗಿಲ್ಲ ಅನ್ನುವ ನಿಯಮ ಜಾರಿಗೆ ತಂದಿತು. ತನ್ನ ಮಕ್ಕಳಿಗೆ ಇದು ಒಳ್ಳೆಯದಲ್ಲ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಹಾಗಾದರೆ ಹೊರಗಿನಿಂದ ಬರುವವನು ಯಾರ ಮಗ?

ಮರೆತುಹೋದ ಪ್ರಶ್ನೆ

ಪಣಜಿಯವರ ಬೇಡಿಕೆ ನ್ಯಾಯವಾದದ್ದೇ. ಪೆಡ್ನೆಯ ರೈತರದ್ದೂ ನ್ಯಾಯವೇ. ಆದರೆ ಹಡಗು ಎಲ್ಲಿ ನಿಂತರೂ ಸೋತವನು ವಾಪಸ್ ಬರುವುದು ತನ್ನ ಊರಿಗೆ. ದೀಪದ ಬೆಳಕು ಪಣಜಿಯಲ್ಲಿ, ತೆರಿಗೆ ಸರ್ಕಾರದಲ್ಲಿ, ಸಾಲ ಮಾತ್ರ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವ ಒಂದು ಮನೆಯಲ್ಲಿ. ಆ ಮನೆಯವರಿಗೆ ಗೋವಾದಲ್ಲಿ ಮತ ಇಲ್ಲ, ಹಾಗಾಗಿ ಆ ಚರ್ಚೆಯಲ್ಲಿ ಅವರ ದನಿಯೂ ಇಲ್ಲ.

ದಾರಿಯೂ ಈಗ ಹತ್ತಿರವಾಗಿದೆ. 2023ರ ಡಿಸೆಂಬರ್‌ನಲ್ಲಿ ಶುರುವಾದ ಮಂಗಳೂರು–ಮಡಗಾಂವ್ ವಂದೇ ಭಾರತ್ ರೈಲು ಐದು ತಾಸಿನೊಳಗೆ ಗೋವಾ ತಲುಪಿಸುತ್ತದೆ. ಸ್ನೇಹಿತರ ಜೊತೆ ಪ್ರವಾಸ ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ‘ನಾವು ಆಡುವುದಿಲ್ಲ, ಊಟ ಮಾಡಿ ಡ್ಯಾನ್ಸ್ ನೋಡಿ ಬರುವುದಷ್ಟೇ’ ಅನ್ನುವ ಮಾತಿನಲ್ಲಿ ಒಂದು ಮೋಸ ಅಡಗಿದೆ. ಪ್ರವೇಶದ ಪ್ಯಾಕೇಜ್‌ನಲ್ಲಿ ಊಟದ ಜೊತೆ ಒಂದಿಷ್ಟು ಚಿಪ್ ಕೂಡ ಕೊಡುತ್ತಾರೆ. ಅದನ್ನು ನಗದು ಮಾಡಲು ಆಗುವುದಿಲ್ಲ, ಮೇಜಿನ ಮೇಲೆ ಇಡಬೇಕು ಅಷ್ಟೇ. ಬಿಟ್ಟಿ ಸಿಕ್ಕಿದ್ದು ಯಾಕೆ ಬಿಡಬೇಕು ಅಂತ ಅನಿಸುವ ಆ ಒಂದು ಗಳಿಗೆಗಾಗಿಯೇ ಆ ಚಿಪ್ ಇರುವುದು.

ಕುರ್‌ಆನ್‌ನ ಅಲ್ ಬಕರಾ ಅಧ್ಯಾಯದ 219ನೇ ವಚನ ಮದ್ಯ ಮತ್ತು ಜೂಜಿನ ಬಗ್ಗೆ ಮಾತಾಡುವಾಗ, ಅವುಗಳಲ್ಲಿ ಜನರಿಗೆ ಸ್ವಲ್ಪ ಲಾಭ ಇರುವುದನ್ನು ಅಲ್ಲಗಳೆಯುವುದಿಲ್ಲ. ಆ ಲಾಭಕ್ಕಿಂತ ಕೇಡು ದೊಡ್ಡದು ಅಂತ ತೂಗಿ ಹೇಳುತ್ತದೆ. ಪರವಾನಗಿ ಶುಲ್ಕ, ಟ್ಯಾಕ್ಸಿ ಬಾಡಿಗೆ, ಹೋಟೆಲ್ ವ್ಯಾಪಾರ, ಇವೆಲ್ಲ ಆ ತಕ್ಕಡಿಯ ಒಂದು ತಟ್ಟೆಯಲ್ಲಿವೆ. ಇನ್ನೊಂದು ತಟ್ಟೆಯಲ್ಲಿ ಇರುವುದನ್ನು ಯಾವ ಬಜೆಟ್ ಪುಸ್ತಕವೂ ಬರೆಯುವುದಿಲ್ಲ.

ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ ನಿಷೇಧಿಸಿತು. ಎಷ್ಟೋ ಕುಟುಂಬಗಳು ಸಾಲದಲ್ಲಿ ಮುಳುಗುವುದು ಕಂಡ ಮೇಲೆ ಬಂದ ಕಾಯ್ದೆ ಅದು. ಕ್ಯಾಸಿನೊ ವಿಷಯದಲ್ಲೂ ಕುಟುಂಬವನ್ನು ಮುಂದಿಟ್ಟು ಯೋಚಿಸಬಹುದು. ಸಿಂಗಾಪುರದಂತೆ ಮನೆಯವರ ಅರ್ಜಿಯ ಮೇಲೆ ಪ್ರವೇಶ ತಡೆಯುವ ವ್ಯವಸ್ಥೆ, ಅದೂ ಎಲ್ಲ ರಾಜ್ಯದವರಿಗೂ ಅನ್ವಯವಾಗುವ ಹಾಗೆ, ಗೋವಾದಲ್ಲಿ ಬರಲಿ ಅಂತ ನಮ್ಮ ಜನಪ್ರತಿನಿಧಿಗಳು ಕೇಳಬಹುದು. ಮೊಹಲ್ಲಾದಲ್ಲಿ ಯಾರಾದರೂ ಜೂಜಿನ ಸಾಲಕ್ಕೆ ಬಿದ್ದಿದ್ದರೆ ಜಮಾಅತ್‌ನವರು ಬೈದು ಕಳಿಸದೆ, ಮೊದಲು ಅವನ ಸಾಲದ ಪಟ್ಟಿ ಬರೆಸಿ, ದಾರಿ ತೋರಿಸಬಹುದು. ನಾಚಿಕೆಯಿಂದ ಮುಚ್ಚಿಟ್ಟ ಸಾಲ ಅವನನ್ನು ಮತ್ತೆ ಅದೇ ಮೇಜಿಗೆ ಕರೆದೊಯ್ಯುತ್ತದೆ.

ಕ್ಯಾಸಿನೊ ನದಿಯಲ್ಲಿರಬೇಕೋ ಮೋಪಾದಲ್ಲಿರಬೇಕೋ ಅಂತ ಗೋವಾದವರು ತೀರ್ಮಾನಿಸಲಿ. ಅದು ನಮ್ಮ ಮನೆಯೊಳಗೆ ಬರಬಾರದು ಅನ್ನುವುದನ್ನು ತೀರ್ಮಾನಿಸಬೇಕಾದವರು ನಾವು.