ಎವರೆಸ್ಟಿನ ನೆಂಟ ನಮ್ಮ ಪಡಸಾಲೆಯಲ್ಲಿ

ಪರೀಕ್ಷೆ ಹತ್ತಿರ ಬಂದಂತೆ ನಮ್ಮ ಮಕ್ಕಳು ಭಾರತದ ನಕಾಶೆಯಲ್ಲಿ ಹಿಮಾಲಯ, ಅರಾವಳಿ, ವಿಂಧ್ಯ, ಸಾತ್ಪುರ, ಪಶ್ಚಿಮ ಘಟ್ಟಗಳನ್ನು ಗುರುತಿಸಲು ಕಲಿಯುತ್ತಾರೆ. ಶಹಾಬಾದ, ವಾಡಿ, ಸೇಡಂ, ಚಿತ್ತಾಪುರಗಳಿರುವ ಜಾಗ ಮಾತ್ರ ‘ದಖನ್ ಪ್ರಸ್ಥಭೂಮಿ’ ಎಂಬ ಒಂದೇ ಹೆಸರಿನಡಿ ಹೋಗಿಬಿಡುತ್ತದೆ. “ನಮ್ಮ ಕಡೆ ಏನದ ಸರ್? ಗುಡ್ಡ ಇಲ್ಲ, ಸಮುದ್ರ ಇಲ್ಲ, ಬರೇ ಬಿಸಿಲು” ಎಂಬ ಮಾತನ್ನು ತರಗತಿಯಲ್ಲಿ ಎಷ್ಟು ಸಲ ಕೇಳಿದ್ದೇನೋ!

ಸಮುದ್ರ ಇತ್ತು. ಅದರ ತಳದ ಮೇಲೆಯೇ ನಾವು ದಿನವೂ ಚಾಪೆ ಹಾಸಿ ಊಟಕ್ಕೆ ಕೂಡುತ್ತೇವೆ.

ಮನೆಮನೆಯ ಪಡಸಾಲೆಯಲ್ಲಿರುವ ಶಹಾಬಾದ ಫರಸಿ ಎಂದರೆ ಸುಣ್ಣದ ಕಲ್ಲು. ಇಲ್ಲಿ ಹರಡಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ ಸಣ್ಣ ಕೆಸರು ಪದರ ಪದರವಾಗಿ ಕೂತು, ಒತ್ತಿ, ಗಟ್ಟಿಯಾಗಿ ಆದದ್ದು. ಖಣಿಯಲ್ಲಿ ಹಾರೆ ಹಾಕಿ ಎಬ್ಬಿಸಿದರೆ ಕಲ್ಲು ಹಾಳೆಯಂತೆ ಏಳುವುದು ಈ ಪದರಗಳಿಂದಲೇ. ಇದರ ವಯಸ್ಸು 50 ಕೋಟಿ ವರ್ಷಗಳಿಗಿಂತ ಬಹಳ ಹೆಚ್ಚು. ಕೆಲವು ಹುಡುಗರು ಇದರಲ್ಲಿ ಶಂಖ, ಕಪ್ಪೆಚಿಪ್ಪು ಹುಡುಕುತ್ತಾರೆ, ಸಿಗುವುದಿಲ್ಲ. ಚಿಪ್ಪು ಹೊತ್ತ ಪ್ರಾಣಿಗಳು ಆಗಿನ್ನೂ ಹುಟ್ಟಿರಲಿಲ್ಲ.

ಇನ್ನು ಎವರೆಸ್ಟಿನ ಸಂಗತಿ. 8,848.86 ಮೀಟರ್ ಎತ್ತರದ ಆ ಶಿಖರದ ತುದಿಯಲ್ಲಿರುವುದೂ ಸಮುದ್ರದಲ್ಲಿ ಹುಟ್ಟಿದ ಸುಣ್ಣದ ಕಲ್ಲೇ! ಸುಮಾರು 45 ಕೋಟಿ ವರ್ಷ ಹಳೆಯದಾದ ಅದರಲ್ಲಿ ಕಡಲಜೀವಿಗಳ ಚೂರುಗಳಿವೆ. ಅಂದರೆ ನಮ್ಮ ಫರಸಿಯೇ ಹಿರಿಯ. ಹಾಗಿದ್ದರೆ ಅದು ಮುಗಿಲು ಮುಟ್ಟಿದ್ದೇಕೆ, ಇದು ನೆಲಕ್ಕೆ ಅಂಟಿಕೊಂಡಿದ್ದೇಕೆ? ಸುಮಾರು 5 ಕೋಟಿ ವರ್ಷಗಳ ಹಿಂದೆ ಉತ್ತರಕ್ಕೆ ಸರಿಯುತ್ತಿದ್ದ ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಡಿಕ್ಕಿಯಾದ ಅಂಚಿನಲ್ಲಿ ಪದರಗಳು, ಗೋಡೆಗೆ ಒತ್ತಿದ ಜಮಖಾನೆಯಂತೆ, ಮಡಿಕೆ ಬಿದ್ದು ಎದ್ದು ನಿಂತವು. ನಾವಿರುವುದು ಅಲ್ಲಿಂದ ಬಹು ದೂರ, ಹಳೆಯ ಗಟ್ಟಿ ನೆಲದ ಮೇಲೆ. ಇಲ್ಲಿ ಅಲ್ಲಲ್ಲಿ ಬಿರುಕು ಬಿಟ್ಟಿದ್ದು ಬಿಟ್ಟರೆ ಕಲ್ಲು ಬಹುಮಟ್ಟಿಗೆ ಮಲಗಿದಂತೆಯೇ ಉಳಿಯಿತು. ಎದ್ದು ನಿಂತಿದ್ದರೆ ಫರಸಿ ಎಲ್ಲಿಂದ ಬರುತ್ತಿತ್ತು?

ಈ ಕಲ್ಲಿನ ಮೇಲೆ ಇನ್ನೊಂದು ಹೊದಿಕೆ ಬಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿ ದಖನ್ನಿನ ಬಹುಭಾಗವನ್ನು ಮುಚ್ಚಿತು. ಅದು ಆರಿ ಆದ ಕರಿಗಲ್ಲೇ ಬಸಾಲ್ಟ್. ಶಹಾಬಾದದಿಂದ ಕಲಬುರಗಿಗೆ ಹೋಗುವಾಗ ನಾವು ಸುಣ್ಣದ ಕಲ್ಲಿನಿಂದ ಲಾವಾದ ಕಲ್ಲಿನ ಮೇಲೆ ಹತ್ತುತ್ತೇವೆ. ಬಸ್ಸಿನಲ್ಲಿ ಕೂತವರಿಗೆ ತಿಳಿಯುವುದೇ ಇಲ್ಲ. ತೊಗರಿ, ಜೋಳ ಬೆಳೆಯುವ ಎರೆಮಣ್ಣು ಬಹುಪಾಲು ಈ ಕರಿಗಲ್ಲು ಸವೆದು ಆದದ್ದು. ಚಿಂಚೋಳಿಯ ಕಡೆ ನಡೆದರೆ ಮಣ್ಣು ಕೆಂಪಗಾಗುತ್ತದೆ, ದಿಬ್ಬಗಳು ಏಳುತ್ತವೆ, ಕಾಡು ಕಾಣುತ್ತದೆ. 2011ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ‘ಬರೇ ಬಿಸಿಲು’ ಎನ್ನುವವರು ಒಮ್ಮೆ ಮಳೆಗಾಲದಲ್ಲಿ ಅಲ್ಲಿಗೆ ಹೋಗಿ ಬರಲಿ.

ಪಾಲಕರಿಗೊಂದು ಮಾತು. ಫರಸಿಯ ಮೇಲೆ ನಿಂಬೆರಸ ಚೆಲ್ಲಿದ ಜಾಗ ಬೆಳ್ಳಗಾಯಿತೆಂದು ಮಕ್ಕಳನ್ನು ಗದರಿಸುವ ಬದಲು, ಒಂದು ಚೂರು ಕಲ್ಲನ್ನು ಪುಡಿ ಮಾಡಿ ನಿಂಬೆರಸ ಹಿಂಡಿ ತೋರಿಸಿರಿ. ಸಣ್ಣ ಗುಳ್ಳೆಗಳೇಳುತ್ತವೆ. ಅದು ಕಾರ್ಬನ್ ಡೈಆಕ್ಸೈಡ್. ಬಾವಿ ನೀರು ಕಾಯಿಸಿದ ಪಾತ್ರೆಯಲ್ಲಿ ಕಟ್ಟುವ ಬಿಳಿ ಪೊರೆಯೂ ಇದೇ ಸುಣ್ಣದ್ದು. ಸಿಮೆಂಟ್ ಕಾರ್ಖಾನೆಗಳು ವಾಡಿ, ಸೇಡಂ ಕಡೆಗೆ ಬಂದದ್ದೂ ಇದನ್ನೇ ಹುಡುಕಿಕೊಂಡು. ಒಮ್ಮೆ ಅಗೆದು ಸುಟ್ಟ ಕಲ್ಲು ಮತ್ತೆ ಹುಟ್ಟುವುದಿಲ್ಲವೆಂಬುದನ್ನು ಪಠ್ಯದಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮ ಮಕ್ಕಳು ಅದನ್ನು ಕಣ್ಣಾರೆ ನೋಡುತ್ತಿದ್ದಾರೆ.

ಶಾಲೆಯ ಪ್ರವಾಸಕ್ಕೆ ದೂರ ಹೋಗಬೇಕೆಂದೇನಿಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಕಾಗಿಣಾ ನದಿಯ ದಂಡೆಗೆ ಇದೇ ಕಲ್ಲಿನ ಕೋಟೆಯಿದೆ. ಇತಿಹಾಸ, ಭೂಗೋಳ ಎರಡೂ ಒಂದೇ ಗೋಡೆಯಲ್ಲಿ ಸಿಗುತ್ತವೆ. ಆದರೆ ಪದರ ನೋಡುವ ಆಸೆಯಿಂದ ಮಳೆನೀರು ತುಂಬಿದ ಹಳೆಯ ಖಣಿಗಳಲ್ಲಿ ಮಾತ್ರ ಯಾರೂ ಇಳಿಯಬಾರದು. ಮೆಟ್ಟಿಲಂತೆ ಕಾಣುವ ಅಂಚು ಮುಂದಿನ ಹೆಜ್ಜೆಗೆ ಒಮ್ಮೆಲೇ ಮುಗಿದಿರುತ್ತದೆ.