ತುರಿಕೆ ನಿಂತಿತು, ಹುಳುಕಡ್ಡಿ ಹರಡಿತು

ಆಸಾಡಿ ಮಳೆ. ಬೈಂದೂರಿನಿಂದ ಕುಂದಾಪುರ ದಾಟಿ ಬ್ರಹ್ಮಾವರದವರೆಗೆ ಯಾರ ಮನೆಯಲ್ಲೂ ಬಟ್ಟೆ ಪೂರ್ತಿ ಒಣಗುವುದಿಲ್ಲ. ಹಸಿ ಒಳಉಡುಪು, ಸೊಂಟಕ್ಕೆ ಬಿಗಿದ ಲುಂಗಿ, ಬೆವರು. ತೊಡೆಸಂದಿಯಲ್ಲಿ ಹುಳುಕಡ್ಡಿ ಬೆಳೆಯಲು ಇಷ್ಟು ಸಾಕು.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಕ್ರೀಮು ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಆದರೆ ಹುಳುಕಡ್ಡಿ ತರುವ ಶಿಲೀಂಧ್ರ ಸತ್ತಿಲ್ಲ. ಟ್ಯೂಬಿನಲ್ಲಿರುವ ಸ್ಟೀರಾಯ್ಡ್, ಶಿಲೀಂಧ್ರದ ವಿರುದ್ಧ ಹೋರಾಡುತ್ತಿದ್ದ ಚರ್ಮದ ರಕ್ಷಣೆಯನ್ನೇ ಸುಮ್ಮನಾಗಿಸಿದೆ. ಹಚ್ಚುವುದು ಬಿಟ್ಟೊಡನೆ ಮತ್ತೆ ಕೆರಳುತ್ತದೆ, ಮತ್ತೆ ಅದೇ ಟ್ಯೂಬು.

ತಿಂಗಳು ಕಳೆದರೆ ರೋಗದ ಚಹರೆಯೇ ಬೇರೆ. ದುಂಡಗಿನ ಅಂಚು ಅಳಿಸಿಹೋಗುತ್ತದೆ, ಕೆಲವರಲ್ಲಿ ಸುತ್ತಿನೊಳಗೆ ಇನ್ನೊಂದು ಸುತ್ತು ಮೂಡುತ್ತದೆ. ನೋಡಿದರೆ ಇಸುಬೋ ಸೋರಿಯಾಸಿಸ್ಸೋ ಅನ್ನಿಸಬಹುದು. ತೊಡೆಸಂದಿಯ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂಥ ಗೀರುಗಳು ಬೀಳುತ್ತವೆ. ಹುಳುಕಡ್ಡಿ ವಾಸಿಯಾದರೂ ಆ ಗೀರು ಪೂರ್ತಿ ಹೋಗುವುದಿಲ್ಲ. ನನಗೆ ಬಹಳ ಸಂಕಟವಾಗುವುದು ಇಲ್ಲೇ.

ಹುಳುಕಡ್ಡಿಯೇ ಹೌದೋ ಎಂದು ತಿಳಿಯಲು ಚರ್ಮವೈದ್ಯರು ಕಲೆಯ ಅಂಚಿನ ಹೊಟ್ಟು ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಿಲೀಂಧ್ರದ ಎಳೆ ಕಂಡರೆ ರೋಗ ಸಿಕ್ಕಿತು. ಚಿಕಿತ್ಸೆ ಮಾತ್ರ ವಾರಗಟ್ಟಲೆ. 2020ರಲ್ಲಿ ಹೆಸರು ಪಡೆದ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರಕ್ಕೆ ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಮಾತ್ರೆಯೂ ಹಲವು ಬಾರಿ ನಾಟುವುದಿಲ್ಲ.

ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೆಟಾಮೆಥಾಸೋನ್ ಎಂದಿದ್ದರೆ ಹುಳುಕಡ್ಡಿಗೆ ನೀವಾಗಿ ಹಚ್ಚಬೇಡಿ. ಈಗಾಗಲೇ ಹಚ್ಚಿದ್ದರೆ ನಾಚಿಕೆ ಬೇಡ, ಆ ಟ್ಯೂಬನ್ನೇ ಹಿಡಿದುಕೊಂಡು ಚರ್ಮವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ಇನ್ಯಾರಿಗಾದರೂ ತುರಿಕೆ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.